ಒಡೆಯದ ಹಳೇ ಬೇಸ್‌ಬಾಲ್ ಕಾರ್ಡ್ ಪ್ಯಾಕ್‌ಗಳು: ನ್ಯೂಜೆರ್ಸಿಯಿಂದ ಕುಂದಾಪುರಕ್ಕೆ ತಂದರೆ ಉಳಿಯುತ್ತವಾ?

ಎಡಿಸನ್_ಕುಂದಾಪ್ರ (ಶನಿವಾರ, ರಾತ್ರಿ 9:12)

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಬರುವ ಮಾರ್ಚ್‌ನಲ್ಲಿ ಖಾಯಂ ಊರಿಗೆ, ಕುಂದಾಪುರದ ಮನೆಗೆ ಹೋಗುವುದು ಅಂತ ಆಗಿದೆ. ಸಾಮಾನು ವಿಂಗಡಿಸುವಾಗ ಒಂದು ವಿಷಯಕ್ಕೆ ನಿದ್ದೆ ಬರುತ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದರು. ಮೂವತ್ತು ವರ್ಷ ಮಿಠಾಯಿ, ಪೇಪರ್ ಮಾರುವ ಅಂಗಡಿ ನಡೆಸಿದವರು. ಮಗಳ ಮನೆಗೆ ಹೋಗುವಾಗ ಅಂಗಡಿಯಲ್ಲಿ ಮಾರಾಟವಾಗದೆ ಉಳಿದಿದ್ದ, ಆಟಗಾರರ ಚಿತ್ರವಿರುವ ಕಾರ್ಡ್ ಪ್ಯಾಕ್‌ಗಳನ್ನೆಲ್ಲ "ನಿನ್ನ ಮಗ ಬೇಸ್‌ಬಾಲ್ ಆಡ್ತಾನಲ್ಲ" ಅಂತ ನನಗೆ ಕೊಟ್ಟರು. ಒಂದನ್ನೂ ಒಡೆದಿಲ್ಲ. ಟಾಪ್ಸ್, ಅಪ್ಪರ್ ಡೆಕ್, ಫ್ಲೀರ್ ಅಂದರೆ ಈ ಕಾರ್ಡ್ ಮಾಡುವ ಕಂಪನಿಗಳ ಹೆಸರು. 1987ರ ಟಾಪ್ಸ್ ಪೂರ್ತಿ ಒಂದು ಬಾಕ್ಸ್, 36 ಪ್ಯಾಕ್. 1989ರ ಅಪ್ಪರ್ ಡೆಕ್ ಬಿಡಿ ಪ್ಯಾಕ್ 22. 1983ರ ಟಾಪ್ಸ್ ರ‍್ಯಾಕ್ ಪ್ಯಾಕ್ (ಅಂಗಡಿಯಲ್ಲಿ ನೇತುಹಾಕಿ ಮಾರುವ ದೊಡ್ಡ ಪ್ಲಾಸ್ಟಿಕ್ ಪ್ಯಾಕ್) ಮೂರು. ಮತ್ತೆ 1986-87ರ ಫ್ಲೀರ್ ಬಾಸ್ಕೆಟ್‌ಬಾಲ್ ಒಂದೇ ಒಂದು ಪ್ಯಾಕ್.

ಎಂಟು ವರ್ಷ ಬೇಸ್‌ಮೆಂಟ್‌ನಲ್ಲಿ ಪ್ಲಾಸ್ಟಿಕ್ ಟಬ್‌ನಲ್ಲಿಟ್ಟಿದ್ದೆ. ಮೊನ್ನೆ ತೆಗೆದು ನೋಡಿದರೆ ಟಾಪ್ಸ್‌ನ ಎರಡು ಪ್ಯಾಕ್‌ಗಳ ಹಿಂಬದಿ ಮಡಿಕೆ ಅಂಟು ಬಿಟ್ಟು ಮೇಲೆದ್ದಿದೆ. ಕೆಲವು ಪ್ಯಾಕ್ ಮೇಲೆ ಬಿಳಿ ಬಿಳಿ ಗೆರೆ. ಬೂಷ್ಟಾ, ಮತ್ತೇನಾದರೂನಾ ಗೊತ್ತಾಗುತ್ತಿಲ್ಲ. ಇಲ್ಲೇ ಹೀಗಾದರೆ ಕುಂದಾಪುರದ ಮಳೆಗಾಲದಲ್ಲಿ ಏನು ಗತಿ? ಮಾರುವ ಯೋಚನೆ ಸದ್ಯಕ್ಕಿಲ್ಲ. ಅಜ್ಜ ನಂಬಿ ಕೊಟ್ಟದ್ದು, ಹಾಳು ಮಾಡಿದೆ ಅಂತ ಆಗಬಾರದು.

ಬೆಣ್ಣೆದೋಸೆ_ಡಲ್ಲಾಸ್ (9:20)

ಮೊದಲು ಆ ಟಬ್ ಬೇಸ್‌ಮೆಂಟ್‌ನಿಂದ ಮೇಲೆ ತನ್ನಿ. ಇವತ್ತೇ. ಉಳಿದದ್ದು ಆಮೇಲೆ ಮಾತಾಡೋಣ.

ಹಳೇ_ಮೇಣ (9:58)

ಕುಂದಾಪ್ರದವರೇ, ಹದಿನೈದು ವರ್ಷದಿಂದ ವ್ಯಾಕ್ಸ್ ಪ್ಯಾಕ್ (ಮೇಣದ ಕಾಗದದ ಪ್ಯಾಕ್) ಕೂಡಿಡುತ್ತಿದ್ದೇನೆ, ನನಗೆ ಗೊತ್ತಿರುವಷ್ಟು ಹೇಳ್ತೀನಿ.

ಬಿಳಿ ಗೆರೆ ಮಡಿಕೆಗುಂಟ ಮಾತ್ರ ಇದ್ದರೆ ಹೆದರಬೇಡಿ, ಅದು ಮೇಣ ಬಿರುಕು ಬಿಟ್ಟಿದ್ದು. ಆ ಕಾಗದಕ್ಕೆ ಮೇಣ ಸವರಿ, ಬಿಸಿ ತಾಗಿಸಿ ಹಿಂದೆ ಅಂಟಿಸುತ್ತಿದ್ದರು. ಕಾಗದ ಮಡಚಿದ ಕಡೆ ಮೇಣ ಒಡೆದು ಬೆಳ್ಳಗೆ ಕಾಣುತ್ತೆ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಗೆರೆ ಚೂಪಾಗಿ, ನೇರವಾಗಿ ಇದ್ದರೆ ಮೇಣ. ದುಂಡು ದುಂಡಾಗಿ, ನವಿರು ರೋಮದ ಹಾಗೆ ಎದ್ದು ನಿಂತಿದ್ದರೆ ಬೂಷ್ಟು. ಬೂಷ್ಟಿಗೆ ವಾಸನೆಯೂ ಇರುತ್ತೆ, ಮಳೆಗಾಲದಲ್ಲಿ ಒಣಗದ ಬಟ್ಟೆ ವಾಸನೆ.

ಮಡಿಕೆ ಎದ್ದಿದ್ದಕ್ಕೆ ಕಾರಣ ತೇವ ಒಂದೇ ಅಲ್ಲ, ತೇವದ ಏರಿಳಿತ. ನಿಮ್ಮ ಕಡೆ ಜುಲೈನಲ್ಲಿ ಬೇಸ್‌ಮೆಂಟ್ ಶೇ 70 ದಾಟುತ್ತೆ. ಜನವರಿಯಲ್ಲಿ ಹೀಟರ್ ಹಾಕಿದಾಗ ಅದೇ ಮನೆ ಶೇ 25ಕ್ಕೆ ಇಳಿಯುತ್ತೆ. ಕಾಗದ ಹಿಗ್ಗುತ್ತೆ, ಕುಗ್ಗುತ್ತೆ. ಮೇಣಕ್ಕೆ ಆ ಗುಣ ಇಲ್ಲ. ಎಂಟು ವರ್ಷ ಎಳೆದಾಡಿದರೆ ಅಂಟು ಬಿಡದೆ ಇನ್ನೇನಾಗುತ್ತೆ? ನಾನು ಶೇ 40ರಿಂದ 50ರ ನಡುವೆ, 18ರಿಂದ 21 ಡಿಗ್ರಿಯಲ್ಲಿ ಇಡ್ತೀನಿ. 52ಕ್ಕೆ ಹೋದರೆ ಜೀವ ಹೋಗಲ್ಲ. ವರ್ಷವಿಡೀ ಒಂದೇ ಕಡೆ ನಿಂತಿರಬೇಕು, ಅದು ಮುಖ್ಯ.

ಇನ್ನೊಂದು. ನಿಮ್ಮ ಹತ್ತಿರ ಇರುವ ನಾಲ್ಕಕ್ಕೂ ಒಂದೇ ಆರೈಕೆ ಬೇಕಿಲ್ಲ. 1987ರ ಟಾಪ್ಸ್ ಲೆಕ್ಕವಿಲ್ಲದಷ್ಟು ಅಚ್ಚಾಗಿದೆ, ಇವತ್ತಿಗೂ ಪೂರ್ತಿ ಬಾಕ್ಸ್ ಒಂದು ಒಳ್ಳೆ ಊಟದ ಖರ್ಚಿಗೆ ಸಿಗುತ್ತೆ. ಫ್ಲೀರ್ ಪ್ಯಾಕ್ ಹಾಗಲ್ಲ. 132 ಕಾರ್ಡ್‌ಗಳ ಆ ಸೆಟ್‌ನಲ್ಲಿ 57ನೇ ನಂಬರು ಬಾಸ್ಕೆಟ್‌ಬಾಲ್ ದಿಗ್ಗಜ ಮೈಕಲ್ ಜೋರ್ಡನ್. ಪ್ಯಾಕ್‌ನಲ್ಲಿ 12 ಕಾರ್ಡ್, ಒಂದು ಸ್ಟಿಕ್ಕರ್, ಒಂದು ಬಬಲ್ ಗಮ್. ಒಡೆಯದ ಒಂದು ಪ್ಯಾಕ್‌ಗೆ ಸಾವಿರಾರು ಡಾಲರ್ ಕೊಡುವವರಿದ್ದಾರೆ. ದುಡ್ಡು, ಶ್ರಮ ಎರಡನ್ನೂ ಮೊದಲು ಅದಕ್ಕೆ ಹಾಕಿ.

ಹುಬ್ಬಳ್ಳಿ_ಮಂದಿ (10:15)

ಸರ, ಮಡಿಕಿ ಎದ್ದದ್ದಕ್ಕ ಇಷ್ಟ್ಯಾಕ ಚಿಂತಿ ಮಾಡ್ತೀರಿ? ಮೇಣ ಅಂದಮ್ಯಾಲ ಇಸ್ತ್ರಿ ಪೆಟಗಿ ಹಗೂರಕ ಬಿಸಿ ಮಾಡ್ರಿ, ಮ್ಯಾಲೆ ಒಂದ್ ಅರಿವಿ ಇಟ್ಟು ಎರಡ ಸೆಕೆಂಡ್ ಒತ್ರಿ. ಮತ್ತ ಹಿಡಕೋತದ.

ಹಳೇ_ಮೇಣ (10:19)

ದಯವಿಟ್ಟು ಬೇಡ. ಬೇಡವೇ ಬೇಡ.

ಇಸ್ತ್ರಿ ಇಟ್ಟ ಆ ಕ್ಷಣದಿಂದ ಅದು "ರೀಸೀಲ್" ಆದ ಪ್ಯಾಕ್. ಮೋಸ ಮಾಡುವವರು ಮಾಡೋದೂ ಅದನ್ನೇ: ಹಬೆ ತೋರಿಸಿ ಬಿಚ್ಚಿ, ಒಳ್ಳೆ ಕಾರ್ಡ್ ತೆಗೆದು, ಪುಡಿ ಕಾರ್ಡ್ ತುಂಬಿ, ಮತ್ತೆ ಬಿಸಿ ಒತ್ತಿ ಮುಚ್ಚೋದು. ಕಾರ್ಖಾನೆಯ ಬಿಸಿಪಟ್ಟಿ ಬಿಟ್ಟ ಗುರುತು ಒಂದು ತರಹ, ಮನೆ ಇಸ್ತ್ರಿಯದ್ದು ಇನ್ನೊಂದು ತರಹ. ಎರಡನೇ ಸಲ ಕರಗಿದ ಮೇಣ ಗೆರೆ ದಾಟಿ ಹರಡಿರುತ್ತೆ, ಕಾಗದ ಅಲ್ಲಿ ಎಣ್ಣೆ ಬಿದ್ದ ಹಾಗೆ ಪಾರದರ್ಶಕ ಆಗಿರುತ್ತೆ. ಇವರು ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಮಾಡಿದರೂ ಮುಂದೆ ನೋಡುವವರಿಗೆ ಅದು ಮೋಸದ ಪ್ಯಾಕೇ. ಅದರ ಜೊತೆಗಿದ್ದ 34 ಪ್ಯಾಕ್ ಮೇಲೂ ಅನುಮಾನ ಬರುತ್ತೆ.

ಎದ್ದ ಮಡಿಕೆಯನ್ನು ಹಾಗೇ ಬಿಡಿ. ಫೋಟೊ ತೆಗೆದು, ಪ್ರತ್ಯೇಕ ಪಾಲಿಪ್ರೊಪಿಲೀನ್ ಕವರ್‌ನಲ್ಲಿ ಹಾಕಿ ಇಡಿ.

ಹುಬ್ಬಳ್ಳಿ_ಮಂದಿ (10:31)

ಇದು ನನಗ ಗೊತ್ತಿರಲಿಲ್ಲ ಸರ. ಹೇಳಿದ್ದು ತಪ್ಪಾತು. ಕುಂದಾಪ್ರದವರ, ನನ್ನ ಮಾತ ಕೇಳಬ್ಯಾಡ್ರಿ.

ಗಮ್_ಕಲೆ (10:40)

ನನಗೆ ಇದರ ಪೆಟ್ಟು ಬಿದ್ದಿದೆ. ನಾಲ್ಕು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರಿಂದ ಹಳೇ ಫ್ಲೀರ್ ಪ್ಯಾಕ್ ಅಂತ ಕೊಂಡೆ, ಮೂರು ತಿಂಗಳ ಉಳಿತಾಯ ಸುರಿದು. ಬಲ್ಲವರಿಗೆ ತೋರಿಸಿದರೆ ಕೈಯಲ್ಲಿ ಹಿಡಿದ ತಕ್ಷಣ ತಲೆ ಅಲ್ಲಾಡಿಸಿದರು. ಮಡಿಕೆಯ ಒಳಗೆ ಗೋಂದು. ಮೇಣದಿಂದ ಅಂಟಿಸಿದ ಪ್ಯಾಕ್‌ಗೆ ಗೋಂದು ಎಲ್ಲಿಂದ ಬರಬೇಕು? ದುಡ್ಡು ವಾಪಸ್ ಬರಲಿಲ್ಲ. ನಿಮ್ಮದು ಅಂಗಡಿಯಿಂದ ನೇರ ಬಂದದ್ದು, ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ. ಅಜ್ಜನಿಂದ ಒಂದು ಕಾಗದ ಬರೆಸಿಕೊಳ್ಳಿ: ಯಾವ ಅಂಗಡಿ, ಯಾವ ವರ್ಷ ತರಿಸಿದ್ದು, ಎಲ್ಲಿಟ್ಟಿದ್ದು, ನಿಮಗೆ ಯಾವಾಗ ಕೊಟ್ಟಿದ್ದು. ಸಹಿ ಹಾಕಿಸಿ.

ಮಂಗ್ಳೂರ್_ಲೆನ್ಸ್ (11:05)

ಕಾರ್ಡ್ ಬಗ್ಗೆ ನನಗೆ ಎಂತದೂ ಗೊತ್ತಿಲ್ಲ, ಆದರೆ ಕರಾವಳಿಯ ತೇವದ ಬಗ್ಗೆ ಗೊತ್ತುಂಟು ಮಾರಾಯ್ರೆ. ಮದುವೆ ಫೋಟೊ ತೆಗೆಯುವವ ನಾನು. ಎರಡು ಲೆನ್ಸ್ ಒಳಗೆ ಫಂಗಸ್ ಬಂದು ಜೇಡರ ಬಲೆಯ ಹಾಗೆ ಹಬ್ಬಿ ಹೋದ ಮೇಲೆ ಬುದ್ಧಿ ಬಂದದ್ದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ತೇವ ಅಳೆಯುವ ಮೀಟರು 85ರ ಕೆಳಗೆ ಇಳಿಯುವುದೇ ಅಪರೂಪ. ಶೇ 65-70 ದಾಟಿದರೆ ಬೂಷ್ಟಿಗೆ ಹಬ್ಬ. ಹಾಗಾಗಿ ಎ.ಸಿ. ಹಾಕಿದರೆ ಸಾಕು, ಗೋದ್ರೇಜ್ ಬೀರುವಿನಲ್ಲಿಟ್ಟರೆ ಸಾಕು ಎನ್ನುವವರ ಮಾತು ಕೇಳಬೇಡಿ. ಎ.ಸಿ. ಎಷ್ಟು ಹೊತ್ತು ಓಡುತ್ತದೆ? ರಾತ್ರಿ ಮಾತ್ರ. ಹಗಲು ಕಿಟಕಿ ತೆರೆದರೆ ತಣ್ಣಗಿದ್ದ ವಸ್ತುವಿನ ಮೇಲೆ ನೀರು ಕೂರುತ್ತದೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಹಾಗೆ.

ಕ್ಯಾಮೆರಾದವರು ಇಡುವ ಡ್ರೈ ಕ್ಯಾಬಿನೆಟ್ ತಗೊಳ್ಳಿ. ಕಪಾಟಿನ ಹಾಗೆ ಇರುತ್ತದೆ, ಗಾಜಿನ ಬಾಗಿಲು, ಸುತ್ತ ರಬ್ಬರ್ ಪಟ್ಟಿ, ಬೇಕಾದ ಅಂಕಿಗೆ ಇಟ್ಟರೆ ಅಲ್ಲಿಯೇ ನಿಲ್ಲುತ್ತದೆ. ನನ್ನದು ಆರು ವರ್ಷದಿಂದ 45ರಲ್ಲಿ ಉಂಟು. ಕರೆಂಟಿಗೆ ಹೆದರಬೇಡಿ, ಬಲ್ಬಿಗಿಂತ ಕಡಿಮೆ ಎಳೆಯುತ್ತದೆ. ನಮ್ಮಲ್ಲಿ ಗಾಳಿಮಳೆಗೆ ಎರಡು ದಿನ ಕರೆಂಟ್ ಹೋಗಿತ್ತು, ಬಾಗಿಲು ತೆರೆಯದೆ ಬಿಟ್ಟೆ. 45 ಇದ್ದದ್ದು 51 ಆಗಿತ್ತು, ಅಷ್ಟೆ.

ಎಡಿಸನ್_ಕುಂದಾಪ್ರ (11:21)

ಇದು ನನ್ನ ತಲೆಗೆ ಬಂದೇ ಇರಲಿಲ್ಲ. ತುಂಬಾ ಉಪಕಾರ ಆಯ್ತು. ಡ್ರೈ ಕ್ಯಾಬಿನೆಟ್ ಇದ್ದರೆ ಸಿಲಿಕಾ ಜೆಲ್ ಹಾಕಬೇಕಾ? ಅಮ್ಮ ಫೋನಿನಲ್ಲಿ "ಡಾಂಬರು ಗುಳಿಗೆ ಹಾಕಿ ಟ್ರಂಕಿನಲ್ಲಿಡುವ" ಅಂದಳು. ಅಕ್ಕ ಹೇಳುವುದು ಬಜೆ ಬೇರು, ಲವಂಗ. ಪಟ್ಟೆ ಸೀರೆಗೆ ನಮ್ಮಲ್ಲಿ ಅದೇ.

ಕಾಗದ_ಕಾಳಜಿ (ಭಾನುವಾರ, ಬೆಳಿಗ್ಗೆ 6:48)

ಇಪ್ಪತ್ತು ವರ್ಷ ಗ್ರಂಥಾಲಯದ ಸಂರಕ್ಷಣಾ ವಿಭಾಗದಲ್ಲಿ ಹಳೇ ಕಾಗದದ ಜೊತೆ ಕೆಲಸ ಮಾಡಿದವಳು ನಾನು. ಒಂದೊಂದಾಗಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಡಾಂಬರು ಗುಳಿಗೆ ಬೇಡ. ನ್ಯಾಫ್ತಲೀನ್ ಆವಿಯಾಗಿ ಮತ್ತೆ ತಣ್ಣಗಿನ ಜಾಗದಲ್ಲಿ ಹರಳಾಗಿ ಕೂರುತ್ತೆ. ಕೆಲವು ಪ್ಲಾಸ್ಟಿಕ್‌ಗಳನ್ನು, ಅದರಲ್ಲೂ ಪಾಲಿಸ್ಟೈರೀನನ್ನು, ಮೆತ್ತಗೆ ಮಾಡುತ್ತೆ. ಮೇಣದ ಕಾಗದಕ್ಕೆ ಆ ವಾಸನೆ ಹಿಡಿದರೆ ಜನ್ಮದಲ್ಲಿ ಹೋಗಲ್ಲ. ಬಜೆ ಬೇರು, ಲವಂಗ ಸೀರೆಗೆ ಸರಿ, ಯಾಕಂದ್ರೆ ಸೀರೆಯನ್ನು ವರ್ಷಕ್ಕೆ ಎರಡು ಸಲ ತೆಗೆದು ಗಾಳಿಗೆ ಹಾಕ್ತೀವಿ, ಮಡಿಕೆ ಬದಲಿಸ್ತೀವಿ. ಇಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆ ಅಂಶ ವರ್ಷಗಟ್ಟಲೆ ಕೂರುತ್ತೆ. ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರೋದು ಕಂಡಿದ್ದೀನಿ, ಸವರಿಯೂ ಇದ್ದೀನಿ. ಅದು ಗರಿಗೆ ಬೇಕು. ಮೇಣಕ್ಕೆ ಎಣ್ಣೆ ಶತ್ರು.

ಸಿಲಿಕಾ ಜೆಲ್ ವಿಷಯ. ಗಾಳಿಯಾಡದ ಚಿಕ್ಕ ಡಬ್ಬಿಯಲ್ಲಿ ಒಣ ಜೆಲ್ ಹಿಡಿಗಟ್ಟಲೆ ಹಾಕಿದರೆ ತೇವ 20ಕ್ಕೆ ಇಳಿದುಬಿಡುತ್ತೆ. ಆಗ ಕಾರ್ಡ್ ಬಾಗುತ್ತೆ, ಮೇಣದ ಕಾಗದ ಗರಿಗರಿಯಾಗಿ ಮುರಿಯುತ್ತೆ. ಬದಲಿಗೆ ಎರಡೂ ಕಡೆ ಕೆಲಸ ಮಾಡುವ ಪೊಟ್ಟಣ ಸಿಗುತ್ತೆ, ವೀಣೆ, ಗಿಟಾರ್ ಪೆಟ್ಟಿಗೆಯಲ್ಲಿ ಇಡ್ತಾರೆ. ಬೊವೇಡಾ ಕಂಪನಿಯ ಶೇ 49ರದ್ದು ಅಂತ ಕೇಳಿ. ತೇವ ಜಾಸ್ತಿಯಾದರೆ ಹೀರುತ್ತೆ, ಕಡಿಮೆಯಾದರೆ ಬಿಡುತ್ತೆ. ಪ್ಯಾಕ್‌ಗೆ ತಾಗದ ಹಾಗೆ ಮೂಲೆಯಲ್ಲಿಡಿ. ಡ್ರೈ ಕ್ಯಾಬಿನೆಟ್ ತಗೊಂಡ್ರೆ ಇದು ಬೇಕಾಗಲ್ಲ.

ಪ್ಲಾಸ್ಟಿಕ್ ಎಲ್ಲವೂ ಒಂದೇ ಅಲ್ಲ. ಹೊಸ ರೇನ್‌ಕೋಟಿನ ವಾಸನೆ ಬರುತ್ತಲ್ಲ, ಆ ವಾಸನೆಯ ಕವರ್, ಆಲ್ಬಮ್ ಯಾವುದೂ ಬೇಡ. ಅದು ಪಿವಿಸಿ. ಮೆತ್ತಗಿರಲಿ ಅಂತ ಅದಕ್ಕೆ ಬೆರೆಸಿದ ಎಣ್ಣೆಯಂಥದ್ದು ಹೊರಗೆ ಜಿನುಗುತ್ತೆ, ಆಮ್ಲವೂ ಬಿಡುತ್ತೆ. ಪಾಲಿಪ್ರೊಪಿಲೀನ್, ಪಾಲಿಎಥಿಲೀನ್, ಪಾಲಿಯೆಸ್ಟರ್, ಗಟ್ಟಿ ಅಕ್ರಿಲಿಕ್, ಇವು ಸರಿ. ಹಸಿ ಮರದ ಪೆಟ್ಟಿಗೆ, ಪ್ಲೈವುಡ್ ಕಪಾಟು ಬೇಡ. ಮರವೂ ಆಮ್ಲದ ಆವಿ ಬಿಡುತ್ತೆ.

ರಬ್ಬರ್ ಬ್ಯಾಂಡ್ ಹಾಕಿದ್ದರೆ ಈಗಲೇ ಬಿಚ್ಚಿ.

ಎಡಿಸನ್_ಕುಂದಾಪ್ರ (7:30)

ಹಾಕಿದ್ದೆ ಮೇಡಂ, ಅಪ್ಪರ್ ಡೆಕ್ ಪ್ಯಾಕ್‌ಗಳಿಗೆ. ಬಿಚ್ಚಿದೆ. ಒಂದು ಬ್ಯಾಂಡ್ ಕಂದು ಅಂಟಾಗಿ ಪ್ಯಾಕ್‌ಗೆ ಹಿಡಿದುಕೊಂಡಿದೆ.

ಕಾಗದ_ಕಾಳಜಿ (7:34)

ಉಗುರಿನಿಂದ ಕೆರೆಯಬೇಡಿ. ಸ್ಪಿರಿಟ್ ಹಾಕಬೇಡಿ. ಸುತ್ತಲಿನದ್ದನ್ನು ಕತ್ತರಿಸಿ ತೆಗೆದು, ಅಂಟಿದ ಚೂರನ್ನು ಅಲ್ಲೇ ಬಿಡಿ.

ಬೆಣ್ಣೆದೋಸೆ_ಡಲ್ಲಾಸ್ (8:02)

ಅಪ್ಪರ್ ಡೆಕ್ ಬಗ್ಗೆ ಯಾರೂ ಮಾತಾಡಲಿಲ್ಲ. 1989ರದ್ದು ಮೇಣ ಅಲ್ಲ, ಫಾಯಿಲ್. ಪ್ಯಾಕ್ ಬಿಚ್ಚಿ ಮುಚ್ಚೋದನ್ನು ತಡೆಯಬೇಕು ಅಂತಲೇ ಅವರು ಫಾಯಿಲ್ ತಂದಿದ್ದು, ಕಾರ್ಡ್ ಹಿಂದೆ ಹೊಲೊಗ್ರಾಮ್ ಹಾಕಿದ್ದೂ ಅದಕ್ಕೇ. ಪ್ಯಾಕ್‌ಗೆ 15 ಕಾರ್ಡ್, ಗಮ್ ಇಲ್ಲ. ಸೆಟ್‌ನ ಮೊದಲನೇ ಕಾರ್ಡೇ ಆಮೇಲೆ ದೊಡ್ಡ ಹೆಸರು ಮಾಡಿದ ಆಟಗಾರ ಕೆನ್ ಗ್ರಿಫಿ ಜೂನಿಯರ್.

ಫಾಯಿಲ್ ಪ್ಯಾಕ್‌ಗೆ ಇರುವ ಅಪಾಯ ಬೇರೆ. ಆಮೇಲಿನ ವರ್ಷಗಳ ಮಿರುಗುವ ಕಾರ್ಡ್‌ಗಳು, ಉದಾಹರಣೆಗೆ 1991ರ ಸ್ಟೇಡಿಯಂ ಕ್ಲಬ್, ತೇವ ಮತ್ತು ಒತ್ತಡ ಸೇರಿದರೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗ್ತವೆ. ಇಲ್ಲಿ "ಬ್ರಿಕ್" ಅಂತಲೇ ಕರೀತಾರೆ. ಬಿಡಿಸಲು ಹೋದರೆ ಚಿತ್ರ ಸಿಪ್ಪೆಯಂತೆ ಎದ್ದು ಬರುತ್ತೆ. ಅದಕ್ಕೇ ಪ್ಯಾಕ್‌ಗಳನ್ನು ಒಂದರ ಮೇಲೊಂದು ಹೇರಬೇಡಿ, ನಿಲ್ಲಿಸಿ ಇಡಿ, ಬಿಗಿಯಾಗಿ ತುರುಕಬೇಡಿ.

ಯಾರಾದರೂ "ವ್ಯಾಕ್ಯೂಮ್ ಮಾಡಿ ಸೀಲ್ ಮಾಡಿ" ಅಂತ ಹೇಳುವ ಮೊದಲೇ ಹೇಳಿಬಿಡ್ತೀನಿ. ಮಾಡಬೇಡಿ. ನನ್ನ ಗೆಳೆಯ ಅಡುಗೆಮನೆಯ ಮೆಷಿನ್‌ನಲ್ಲಿ ಆರು ಪ್ಯಾಕ್ ಹಾಕಿದ. ಗಾಳಿ ಎಳೆದಾಗ ಪ್ಲಾಸ್ಟಿಕ್ ನಾಲ್ಕೂ ಮೂಲೆ ಕಚ್ಚಿ ಹಿಡಿಯಿತು. ಒಳಗಿನ ಕಾರ್ಡ್‌ಗಳ ಮೂಲೆ ಹೊರಗಿನಿಂದಲೇ ದುಂಡಾಗಿದ್ದು ಕಾಣ್ತಿತ್ತು.

ಟೊರೊಂಟೊ_ತುಂಗೆ (8:45)

ನಮ್ಮ ಕೆನಡಾದ ಸುದ್ದಿ ಇಲ್ಲಿ ಹೇಳಲೇಬೇಕು. 1979-80ರ ಓ-ಪೀ-ಚೀ ಕಂಪನಿಯ ಐಸ್ ಹಾಕಿ ಆಟದ ಕಾರ್ಡ್‌ಗಳ ಒಡೆಯದ ಪೂರ್ತಿ ಪೆಟ್ಟಿಗೆ, 16 ಬಾಕ್ಸ್, ಸಸ್ಕಾಚೆವಾನ್ ಪ್ರಾಂತ್ಯದ ಒಂದು ಮನೆಯಲ್ಲಿ ಸಿಕ್ಕಿತು. ಬಾಕ್ಸಿಗೆ 48 ಪ್ಯಾಕ್, ಪ್ಯಾಕ್‌ಗೆ 14 ಕಾರ್ಡ್. ಐಸ್ ಹಾಕಿ ದಿಗ್ಗಜ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡ್ ಬಂದ ವರ್ಷ ಅದು. 2024ರ ಫೆಬ್ರವರಿಯಲ್ಲಿ 37 ಲಕ್ಷ ಅಮೆರಿಕನ್ ಡಾಲರ್ ದಾಟಿ ಹರಾಜಾಯಿತು. ಮನೆಯವರು ವಿಶೇಷ ಆರೈಕೆ ಏನೂ ಮಾಡಿರಲಿಲ್ಲ. ಮುಟ್ಟಿರಲಿಲ್ಲ, ಅಷ್ಟೆ. ಆ ಬಯಲು ಒಣ ಸೀಮೆ ಕೂಡ.

ಧಾರವಾಡ_ಪೇಢೆ (9:10)

ಮುಟ್ಟಿಲ್ಲ ಅಂದ್ರ ಒಳಗ ಏನದ ಅಂತ ಯಾರಿಗೆ ಗೊತ್ತು? ಲೋಗನ್ ಪಾಲ್ ಅನ್ನೋ ಯೂಟ್ಯೂಬ್ ಹುಡುಗ 35 ಲಕ್ಷ ಡಾಲರ್ ಕೊಟ್ಟು ಪೊಕೆಮಾನ್ ಕಾರ್ಡಿನ ಪೆಟಗಿ ತಗೊಂಡ. 2022ರ ಜನವರಿಯಾಗ ಒಡದು ನೋಡಿದ್ರ ಒಳಗ ಬ್ಯಾರೆ ಯಾವುದೋ ಜಿ.ಐ. ಜೋ ಕಾರ್ಡ್. ತಜ್ಞರು ನೋಡಿ ಅಸಲಿ ಅಂದಿದ್ದ ಪೆಟಗಿ ಅದು.

ಟೊರೊಂಟೊ_ತುಂಗೆ (9:22)

ಅವರು ನೋಡಿದ್ದು ಹೊರಗಿನ ಪೆಟ್ಟಿಗೆ ಮಾತ್ರ. ಒಳಗಿನ ಬಾಕ್ಸ್‌ಗಳನ್ನು ಯಾರೂ ತೆಗೆದು ನೋಡಿರಲಿಲ್ಲ. ಬಿಡಿ ಪ್ಯಾಕ್ ಆದರೆ ಮಡಿಕೆ, ಮೇಣ, ತೂಕ, ಎಲ್ಲ ಕೈಯಲ್ಲೇ ಇರುತ್ತೆ.

ರೇಖಾಗಣಿತ_88 (9:40)

ಈಗ ಒಡೆಯುವುದೇ ಬೇಡ, ಸಿ.ಟಿ. ಸ್ಕ್ಯಾನ್‌ನಲ್ಲಿ ಒಳಗಿನ ಕಾರ್ಡ್ ಓದ್ತಾರೆ. 2024ರಲ್ಲಿ ಅಮೆರಿಕದ ಕೈಗಾರಿಕಾ ತಪಾಸಣೆ ಕಂಪನಿಯೊಂದು ಇದನ್ನು ಸೇವೆಯಾಗಿಯೇ ಶುರು ಮಾಡಿತು. ನನಗಂತೂ ಹೊಟ್ಟೆ ಉರಿಯುತ್ತೆ. ಒಳಗೆ ಏನಿದೆ ಅಂತ ಗೊತ್ತಿಲ್ಲದ್ದೇ ಪ್ಯಾಕ್‌ನ ಜೀವ. ಸ್ಕ್ಯಾನ್ ಮಾಡಿ, ಒಳ್ಳೆಯದು ಇಟ್ಟುಕೊಂಡು, ಸಾರವಿಲ್ಲದ್ದನ್ನು "ಒಡೆದಿಲ್ಲ" ಅಂತ ಮಾರಿದರೆ ಅದು ರೀಸೀಲ್‌ಗಿಂತ ಹೇಗೆ ಬೇರೆ?

ಹಳೇ_ಮೇಣ (9:51)

ನೂರಕ್ಕೆ ನೂರು ಒಪ್ಪಿದೆ. ಒಂದು ಮಾತು, ಮೇಣದ ಹಳೇ ಪ್ಯಾಕ್‌ಗಳಲ್ಲಿ ಕಾರ್ಡ್‌ಗಳೆಲ್ಲ ಬರೀ ರಟ್ಟು, ಶಾಯಿ. ಲೋಹದ ಹೊಳಪಿನ ಹೊಸ ಕಾರ್ಡ್‌ನಷ್ಟು ಸುಲಭವಾಗಿ ಅವು ಓದಲು ಸಿಗಲ್ಲ. ಸದ್ಯಕ್ಕೆ ಅದೇ ಸಮಾಧಾನ.

ಬಿಗ್‌ಫನ್_ಬಾಲ್ಯ (10:30)

ನೀವೆಲ್ಲ ಬೇಸ್‌ಬಾಲ್ ಅಂತಿದ್ದೀರಿ, ನನಗೆ ಬಿಗ್ ಫನ್ ಬಬಲ್ ಗಮ್ ನೆನಪಾಗಿ ಕಣ್ಣು ತುಂಬಿತು. ಶಿವಮೊಗ್ಗದಲ್ಲಿ ಶಾಲೆ ಮುಂದಿನ ಅಂಗಡಿಯಲ್ಲಿ ಕೊಳ್ತಿದ್ವಿ. ಕ್ರಿಕೆಟಿಗರ ಚಿತ್ರ, ರನ್ನು, ವಿಕೆಟ್ಟು. ಗಮ್ ಸಕ್ಕರೆ ಪುಡಿ ಚಿತ್ರಕ್ಕೆ ಅಂಟಿರ್ತಿತ್ತು, ಅಂಗಿಗೆ ಒರೆಸಿ ಜೇಬಿಗೆ ಹಾಕ್ತಿದ್ವಿ. ಒಡೆಯದ ಒಂದು ಬಿಗ್ ಫನ್ ಯಾರ ಹತ್ತಿರವಾದರೂ ಇದೆಯಾ?

ಧಾರವಾಡ_ಪೇಢೆ (10:36)

ಗಮ್ ಇದ್ದದ್ದು ನಮ್ಮ ಊರಾಗ ಯಾರ ಉಳಿಸ್ಯಾರು? ಇರುವಿ ಬಿಡ್ತಾವೇನು?

ಕಾಗದ_ಕಾಳಜಿ (10:52)

ಇರುವೆ ಮಾತು ಬಂದಿದ್ದು ಒಳ್ಳೆಯದಾಯಿತು. ಟಾಪ್ಸ್, ಫ್ಲೀರ್‌ನ ಮೇಣದ ಪ್ಯಾಕ್‌ಗಳಲ್ಲಿ ನಿಜವಾದ ಗಮ್ ಇದೆ, ಸಕ್ಕರೆ ಇದೆ. ಎಡಿಸನ್‌ನಲ್ಲಿ ಚಿಂತೆ ಇಲ್ಲದಿರಬಹುದು. ಕುಂದಾಪುರದಲ್ಲಿ ಇರುವೆ, ಜಿರಲೆ ಹುಡುಕಿಕೊಂಡು ಬರ್ತಾವೆ. ಬೆಳ್ಳಿಮೀನು ಅಂತೀವಲ್ಲ, ಪುಸ್ತಕದ ಹುಳ, ಅದಕ್ಕೆ ಕಾಗದ, ಗಂಜಿ ಪ್ರಾಣ. ರಬ್ಬರ್ ಪಟ್ಟಿ ಇರುವ ಬಾಗಿಲು ತೇವಕ್ಕೆ ಮಾತ್ರ ಅಲ್ಲ, ಇವುಗಳಿಗೂ ಬೇಕು. ಕ್ಯಾಬಿನೆಟ್‌ನ ವೈರ್ ಹೊರಬರುವ ತೂತು ನೋಡಿಕೊಳ್ಳಿ.

ಬೆಂಗಳೂರು_ಬಿಸಿಲು (11:15)

ಇಷ್ಟೆಲ್ಲ ಕಷ್ಟ ಯಾಕೆ? ಒಡೆದು ನೋಡಿ, ಖುಷಿ ಪಡಿ. ಮಕ್ಕಳಿಗೆ ಕೊಡಿ. ಆಟದ ಸಾಮಾನನ್ನು ಗರ್ಭಗುಡಿಯಲ್ಲಿ ಇಡೋದು ನನಗೆ ಸರಿ ಕಾಣಲ್ಲ. ಟಾಪ್ಸ್‌ನವರೇ 1952ರ ಮಾರಾಟವಾಗದ ಕಾರ್ಡ್‌ಗಳನ್ನು 1960ರಲ್ಲಿ ಸಮುದ್ರಕ್ಕೆ ಸುರಿದರು.

ರೇಖಾಗಣಿತ_88 (11:20)

ಹಾಗೆ ಸುರಿದಿದ್ದಕ್ಕೇ ಉಳಿದವುಗಳಿಗೆ ಇವತ್ತು ಆ ಬೆಲೆ. ಬೇಸ್‌ಬಾಲ್ ದಿಗ್ಗಜ ಮಿಕ್ಕಿ ಮ್ಯಾಂಟಲ್‌ನ 1952ರ ಕಾರ್ಡ್ ಒಂದು 2022ರಲ್ಲಿ ಒಂದು ಕೋಟಿ 26 ಲಕ್ಷ ಡಾಲರ್‌ಗೆ ಹೋಯ್ತು.

ಬೆಂಗಳೂರು_ಬಿಸಿಲು (11:24)

ನಾನು ಬೆಲೆ ಮಾತಾಡ್ತಿಲ್ಲ. ಖುಷಿ ಮಾತಾಡ್ತಿದ್ದೀನಿ.

ಗಮ್_ಕಲೆ (11:33)

ಒಡೆಯದೆ ಇಟ್ಟುಕೊಳ್ಳುವುದೂ ಒಂದು ಖುಷಿಯೇ ಅಣ್ಣ. 1986ರ ಒಂದು ದಿನ ಕಾರ್ಖಾನೆಯಲ್ಲಿ ಮುಚ್ಚಿದ್ದು, ಆಮೇಲೆ ಒಬ್ಬರ ಕಣ್ಣೂ ಒಳಗೆ ಬಿದ್ದಿಲ್ಲ. ಒಡೆದರೆ ಅದು ಒಂದೇ ಸಲ.

ಹಳೇ_ಮೇಣ (11:47)

ಇಬ್ಬರದ್ದೂ ಸರಿ. 1987ರ ಟಾಪ್ಸ್‌ನಲ್ಲಿ ಮಡಿಕೆ ಎದ್ದ ಆ ಎರಡನ್ನು ಮಗನ ಜೊತೆ ಕೂತು ಒಡೆಯಿರಿ, ಯಾರಿಗೂ ನಷ್ಟವಿಲ್ಲ. ಗಮ್ ತಿನ್ನಬೇಡಿ. ಫ್ಲೀರ್ ಪ್ಯಾಕನ್ನು ಊರಿಗೆ ತರುವ ಮೊದಲು ಅಸಲಿ ಹೌದಾ ಅಂತ ಅಲ್ಲೇ ಪರೀಕ್ಷೆ ಮಾಡಿಸಿ, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಹಾಕಿಸಿ. ಭಾರತದಿಂದ ಕಳಿಸಿ ತರಿಸುವುದು ಆಮೇಲೆ ದೊಡ್ಡ ಫಜೀತಿ. ಆದರೆ ಕವಚ ಹಾಕಿದ ಮೇಲೆ ತೇವ ಒಳಗೆ ಹೋಗಲ್ಲ ಅಂತ ತಿಳಿಯಬೇಡಿ. ಆ ಕವಚ ಇರೋದು ಪೆಟ್ಟು ಬೀಳದಿರಲಿ, ಧೂಳು ಕೂರದಿರಲಿ ಅಂತ ಮಾತ್ರ. ಗಾಳಿ ನಿಧಾನಕ್ಕೆ ಒಳಗೆ ಹೋಗೇ ಹೋಗುತ್ತೆ.

ಬೆಣ್ಣೆದೋಸೆ_ಡಲ್ಲಾಸ್ (12:10)

ಸಾಗಣೆ ಬಗ್ಗೆ ಎರಡು ಮಾತು. ಹಡಗಿನ ಕಂಟೇನರ್‌ಗೆ ಹಾಕಲೇಬೇಡಿ. ಬಿಸಿಲಿನಲ್ಲಿ ಆ ಕಬ್ಬಿಣದ ಡಬ್ಬಿ ಒಲೆ. ಪ್ಯಾರಾಫಿನ್ ಮೇಣ 50 ಡಿಗ್ರಿಯ ಆಸುಪಾಸಿಗೇ ಮೆತ್ತಗಾಗುತ್ತೆ. ಕರಗಿದರೆ ಕೆಳಗಿನ ಕಾರ್ಡ್‌ಗೆ ಇಳಿಯುತ್ತೆ. ಇದೇ ಕಾರಣಕ್ಕೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೂ ಬಿಡಬೇಡಿ, ಐದು ನಿಮಿಷವೂ. ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಎಕ್ಸ್‌ರೇಯಿಂದ ಏನೂ ಆಗಲ್ಲ.

ಫಾಯಿಲ್ ಪ್ಯಾಕ್ ಮೇಲೆ ಹೋದಾಗ ಉಬ್ಬಬಹುದು. ಆಗುಂಬೆ ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುತ್ತಲ್ಲ, ಹಾಗೆ. ಆದ್ದರಿಂದ ಬಿಗಿಯಾಗಿ ಕಟ್ಟಬೇಡಿ, ಹಿಗ್ಗಲು ಜಾಗ ಕೊಡಿ. ಮನೆಗೆ ಬಂದ ತಕ್ಷಣ ಬಿಚ್ಚಬೇಡಿ. ಮುಚ್ಚಿದ ಡಬ್ಬಿಯಲ್ಲೇ ಒಂದು ದಿನ ಬಿಟ್ಟು, ಕೋಣೆಯ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ.

ಮಂಗ್ಳೂರ್_ಲೆನ್ಸ್ (12:31)

ಡಬ್ಬಿಯನ್ನು ಅಲ್ಲಿ ಮುಚ್ಚುವ ದಿನವೂ ನೋಡಿಕೊಳ್ಳಿ. ಮುಚ್ಚಿದ ಡಬ್ಬಿಯೊಳಗೆ ಯಾವ ಗಾಳಿ ಸಿಕ್ಕಿತೋ ಅದೇ ಉಳಿಯುವುದು. ನಮ್ಮ ಅಮ್ಮ ಹಪ್ಪಳದ ಡಬ್ಬಿ ಮುಚ್ಚುವುದು ಒಣ ಬಿಸಿಲಿನ ದಿನ, ಮೋಡ ಕಂಡರೆ ಮುಚ್ಚಳ ಮುಟ್ಟುವುದಿಲ್ಲ.

ಮತ್ತೆ ಮೀಟರು ಸರಿಯುಂಟಾ ಅಂತ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟೇ ನೀರು ಬಿಡಿ. ಜಿಪ್ ಕವರ್‌ನಲ್ಲಿ ಮೀಟರ್ ಜೊತೆ ಇಟ್ಟು ಎಂಟು-ಹತ್ತು ಗಂಟೆ ಬಿಡಿ. 75 ತೋರಿಸಬೇಕು. ನನ್ನ ಮೊದಲ ಮೀಟರು 66 ತೋರಿಸಿತು, ಅದನ್ನೇ ನಂಬಿ ಎರಡು ಮಳೆಗಾಲ ಕಳೆದಿದ್ದೆ.

ಎಡಿಸನ್_ಕುಂದಾಪ್ರ (ಡಿಸೆಂಬರ್)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಬಿಳಿ ಗೆರೆ ಬೂಷ್ಟಲ್ಲ, ಮೇಣವೇ. ಟಾರ್ಚ್ ಅಡ್ಡ ಹಿಡಿದಾಗ ಗಾಜಿನ ಬಿರುಕಿನ ಹಾಗೆ ನೇರ ಕಂಡಿತು.

ಅಜ್ಜನಿಗೆ ಫೋನ್ ಮಾಡಿದೆ. 88 ವರ್ಷ ಈಗ, ನೆನಪು ಚೆನ್ನಾಗಿದೆ. ಫ್ಲೀರ್ ಬಾಕ್ಸ್ ಆ ಚಳಿಗಾಲ ಮಾರಾಟವೇ ಆಗಲಿಲ್ಲ, ಬಾಸ್ಕೆಟ್‌ಬಾಲ್ ಕಾರ್ಡ್ ಯಾರೂ ಕೇಳುತ್ತಿರಲಿಲ್ಲ ಅಂದರು. ಕೊನೆಯ ಪ್ಯಾಕ್ ಗಲ್ಲಾಪೆಟ್ಟಿಗೆ ಹಿಂದಿನ ಸಂದಿಗೆ ಬಿದ್ದು ಉಳಿದದ್ದಂತೆ. ಎರಡು ಪುಟ ಕೈಬರಹದಲ್ಲಿ ಬರೆದು ಸಹಿ ಹಾಕಿ ಕಳಿಸಿದ್ದಾರೆ. ಪ್ಯಾಕ್ ಪರೀಕ್ಷೆಗೆ ಕೊಟ್ಟು, ಅಸಲಿ ಅಂತ ಆಗಿ, ಕವಚದಲ್ಲಿ ಬಂದಿದೆ.

ಮಗ ರಜೆಗೆ ಬಂದಾಗ ಮಡಿಕೆ ಎದ್ದ ಎರಡು ಪ್ಯಾಕ್ ಊಟದ ಮೇಜಿನ ಮೇಲೆ ಒಡೆದೆವು. ಗಮ್ ಬೆಂಡೆದ್ದ ಸುಣ್ಣದ ಹಾಗೆ ಚೂರುಚೂರಾಯಿತು. ಅದು ತಾಗಿದ್ದ ಕಾರ್ಡ್ ಮೇಲೆ ಗಮ್‌ನ ಅಳತೆಯಲ್ಲೇ ಚೌಕ ಕಲೆ. 17 ಕಾರ್ಡ್‌ನಲ್ಲಿ ಒಂದಾಗಿ, ಎರಡನೇ ಪ್ಯಾಕಿನಲ್ಲಿ, ಬೇಸ್‌ಬಾಲ್‌ನ ದೊಡ್ಡ ಆಟಗಾರ ಬ್ಯಾರಿ ಬಾಂಡ್ಸ್ ಬಂದ. ಮಗ ಹತ್ತು ವರ್ಷದವನಾಗಿದ್ದಾಗ ಕೂಗುತ್ತಿದ್ದ ಹಾಗೆಯೇ ಕೂಗಿದ.

ಬೆಂಗಳೂರು_ಬಿಸಿಲು (ಡಿಸೆಂಬರ್)

ಓದಿ ತುಂಬಾ ಸಂತೋಷ ಆಯ್ತು. ಉಳಿದ 34 ಮುಟ್ಟಬೇಡಿ, ನಾನೇ ಹೇಳ್ತಿದ್ದೀನಿ.

ಎಡಿಸನ್_ಕುಂದಾಪ್ರ (ಜುಲೈ)

ಕುಂದಾಪುರದಿಂದ ಬರೆಯುತ್ತಿದ್ದೇನೆ. ಮೂರು ದಿನದಿಂದ ಬಿಡದ ಮಳೆ. ಹಾಲ್‌ನ ಮೀಟರು 88, ಕ್ಯಾಬಿನೆಟ್ ಒಳಗಿನದ್ದು 46. ಎರಡಕ್ಕೂ ಉಪ್ಪಿನ ಪರೀಕ್ಷೆ ಮಾಡಿದ್ದೇನೆ. ಪಡುವಣ ಗೋಡೆ ಬಿಟ್ಟು, ದೇವರ ಕೋಣೆ ಪಕ್ಕದ ಒಳಗೋಡೆಗೆ, ನೆಲದಿಂದ ಎರಡಡಿ ಮೇಲೆ ಇಟ್ಟಿದ್ದೇನೆ. ಅಮ್ಮ ದಿನಾ ಬೆಳಿಗ್ಗೆ ದೀಪ ಹಚ್ಚಿ ಬರುವಾಗ ಅಂಕಿ ಓದಿ ಹೇಳುತ್ತಾಳೆ.

ನಿನ್ನೆ ಅಜ್ಜ ವಿಡಿಯೊ ಕಾಲ್ ಮಾಡಿದ್ದರು. ಹತ್ತಿರ ತೋರಿಸು ಅಂದರು. ಈ ಮಳೆಯಲ್ಲಿ ಬಾಗಿಲು ತೆರೆಯುವುದಿಲ್ಲ, ಜನವರಿಯಲ್ಲಿ ಹೊರಗೆ ತೆಗೆದು ತೋರಿಸುತ್ತೇನೆ ಅಂದೆ. ಗಾಜಿನಾಚೆಯಿಂದಲೇ ತುಂಬಾ ಹೊತ್ತು ನೋಡಿದರು.

ಕಾಗದ_ಕಾಳಜಿ (ಜುಲೈ)

ಗಾಜಿನ ಬಾಗಿಲು ಅಂದ್ರಿ. ಕಿಟಕಿ ಬೆಳಕು ಬೀಳುತ್ತಾ? ಕೆಂಪು, ಹಳದಿ ಶಾಯಿ ಎಲ್ಲಕ್ಕಿಂತ ಮೊದಲು ಮಾಸುತ್ತೆ.

ಎಡಿಸನ್_ಕುಂದಾಪ್ರ (ಜುಲೈ)

ಕಿಟಕಿ ಇಲ್ಲದ ಕಡೆ ಮೇಡಂ. ಆದರೂ ಅಪ್ಪನ ಹಳೇ ಬೈರಾಸು ಇಳಿಬಿಟ್ಟಿದ್ದೇನೆ, ಅಂಕಿ ಕಾಣುವಷ್ಟು ಜಾಗ ಬಿಟ್ಟು.